ಮೂರು ಕಾಲಿನ ನಾಯಿ ಮತ್ತು ನಮ್ಮ ಋಣ

ನಮ್ಮ ಸದಸ್ಯ ಕುಟುಂಬಗಳಲ್ಲಿ ನಾಯಿ ಸಾಕಿದವರ ಸಂಖ್ಯೆ ಈಗ ಕಡಿಮೆಯೇನಲ್ಲ. ಮಕ್ಕಳ ಹಠಕ್ಕೆ ಮಣಿದು ತಂದ ಮರಿ, ಮಕ್ಕಳು ಕಾಲೇಜಿಗೆ ಹೊರಟ ಮೇಲೆ ಅಪ್ಪ ಅಮ್ಮಂದಿರ ಪಾಲಿಗೇ ಉಳಿದು, ಕೊನೆಗೆ ಅವರನ್ನೇ ದಿನಕ್ಕೆರಡು ಸಲ ವಾಕಿಂಗ್ ಮಾಡಿಸುವ ಯಜಮಾನನಾಗಿಬಿಡುತ್ತದೆ. ಇಂಥ ಮನೆಯ ನಾಯಿಗೆ ಒಂದು ದಿನ ಮೂಳೆಯ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ, ಅಥವಾ ಕಾರಿಗೆ ಸಿಕ್ಕಿ ಕಾಲು ಜಜ್ಜಿಹೋಗುತ್ತದೆ. ಪಶುವೈದ್ಯರು ಕಾಲನ್ನೇ ತೆಗೆಯಬೇಕು ಎನ್ನುತ್ತಾರೆ. ಆಗ, ವೈದ್ಯರೆಂಬ ಒಂದೇ ಕಾರಣಕ್ಕೆ, ನಮಗೆ ಫೋನು ಬರುತ್ತದೆ. ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಮೂರು ಕಾಲಿನಲ್ಲಿ ಅದು ಬದುಕೀತೇ? ಮೂಕಪ್ರಾಣಿಗೆ ಅಷ್ಟೊಂದು ನೋವು ಕೊಡುವುದು ಪಾಪವಲ್ಲವೇ?

ನಾವು ಮನುಷ್ಯರಿಗೆ ಔಷಧ ಕೊಡುವವರು, ಪಶುವೈದ್ಯರಲ್ಲ. ಮೊದಲನೆಯ ಪ್ರಶ್ನೆಗೆ ಪಶುವೈದ್ಯರೇ ಸರಿಯಾದ ಉತ್ತರ ಕೊಡಬಲ್ಲರು. ಆದರೆ ಎರಡನೆಯ ಪ್ರಶ್ನೆಗೆ ಒಂದು ದೊಡ್ಡ ಇತಿಹಾಸವೇ ಇದೆ. ಅದರ ಮುಖ್ಯ ಘಟನೆಗಳಲ್ಲಿ ಕೆಲವು ನಾವು ವಾಸವಾಗಿರುವ ಈ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲೇ ನಡೆದಿವೆ. ಆ ಇತಿಹಾಸವನ್ನು ಓದುತ್ತ ಹೋದರೆ ಒಂದು ವಿಚಿತ್ರ ಸಂಗತಿ ಎದ್ದು ಕಾಣುತ್ತದೆ. ನೋವನ್ನು ಗೆಲ್ಲಲು ಮನುಷ್ಯ ಕಂಡುಹಿಡಿದ ಉಪಾಯಗಳಲ್ಲಿ ಹಲವು ಮೊದಲು ಪ್ರಯೋಗವಾದದ್ದು ನಾಯಿಯ ಮೇಲೆ. ಆದರೆ ಅದರ ಫಲ ನಾಯಿಗೆ ದಕ್ಕಿದ್ದು ಎಲ್ಲರಿಗಿಂತ ಕೊನೆಗೆ. ಈ ಲೇಖನ ಆ ಋಣದ ಲೆಕ್ಕ.

ನಮ್ಮ ನಾಡಿನ ಮಾತು

ಕನ್ನಡದಲ್ಲಿ ನಾಯಿಗೆ ಒಳ್ಳೆಯ ಹೆಸರಿಲ್ಲ ಎಂದೇ ಹೇಳಬೇಕು. ಕಷ್ಟಪಟ್ಟವನದು ನಾಯಿಪಾಡು, ತಿದ್ದಲಾಗದವನದು ನಾಯಿಬಾಲ, ಬೈಗುಳಕ್ಕಂತೂ ನಾಯಿ ಇಲ್ಲದೆ ನಡೆಯುವುದೇ ಇಲ್ಲ. ಆದರೂ ನಮ್ಮ ಪರಂಪರೆ ಅಷ್ಟು ಕಲ್ಲೆದೆಯದೇನಲ್ಲ. ಮಹಾಭಾರತದ ಆರಂಭದಲ್ಲೇ ಜನಮೇಜಯನ ತಮ್ಮಂದಿರು ಯಾಗಶಾಲೆಗೆ ಬಂದ ನಿರಪರಾಧಿ ನಾಯಿಮರಿಯನ್ನು ಹೊಡೆಯುತ್ತಾರೆ; ಅದರ ತಾಯಿ ಸರಮೆ ಬಂದು ನ್ಯಾಯ ಕೇಳಿ ಶಾಪ ಕೊಡುತ್ತಾಳೆ. ಅದೇ ಮಹಾಭಾರತದ ಕೊನೆಯಲ್ಲಿ ಧರ್ಮರಾಯ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ. ಹೊಡೆತ ತಿಂದ ನಾಯಿಯಿಂದ ಹೊರಟು, ಕೈಬಿಡದ ನಾಯಿಯವರೆಗೆ ಬರುವ ಕಥೆ ಅದು.

ಇನ್ನೊಂದು ಸಾಕ್ಷಿ ಕಲ್ಲಿನಲ್ಲೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 950ರ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ ವಿಷಯ ಅದರಲ್ಲಿದೆ. ಆದರೆ ಶಾಸನದ ನಿಜವಾದ ನಾಯಕ ರಾಜನಲ್ಲ, ಒಂದು ನಾಯಿ. ಬೂತುಗನ ವೀರ ಅನುಚರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿದ ರಾಜ ಏನು ಬೇಕೋ ಕೇಳು ಎಂದಾಗ, ಅವನು ಊರು ಕೇರಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡವನಿಗೆ ನಾಯಿಯ ಪಾಪ ತಟ್ಟುವುದೆಂದು ಕೆತ್ತಿಸಿದರು. ನಾಯಿಯೂ ಹಂದಿಯೂ ಸೆಣಸುವ ಶಿಲ್ಪವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಕಸ್ತೂರ್‌ಬಾ ರಸ್ತೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಪಶುವೈದ್ಯದಲ್ಲೂ ನಮ್ಮವರು ಹಿಂದುಳಿದಿರಲಿಲ್ಲ. ಅಶೋಕನ ಎರಡನೆಯ ಬಂಡೆಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ ಮಾತನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮ ಕನ್ನಡದಲ್ಲೇ 'ಗೋವೈದ್ಯ' ಬರೆದನು. ಆದರೆ ಹಳೆಯ ಪಶುವೈದ್ಯ ಗ್ರಂಥಗಳು ಹೆಚ್ಚಾಗಿ ದನ, ಕುದುರೆ, ಆನೆಗಳ ಸುತ್ತಲೇ ಸುತ್ತುತ್ತವೆ. ಹೊಲ ಉಳುವ, ರಥ ಎಳೆಯುವ, ಯುದ್ಧ ಗೆಲ್ಲಿಸುವ ಪ್ರಾಣಿಗೆ ಔಷಧ ಸಿಕ್ಕಿತು. ನಾಯಿಗೆ ಬಹಳವೆಂದರೆ ಸತ್ತ ಮೇಲೆ ಒಂದು ವೀರಗಲ್ಲು. ಯೂರೋಪಿನಲ್ಲೂ ಸ್ಥಿತಿ ಹೀಗೆಯೇ ಇತ್ತು. ಅಲ್ಲಿ ಪಶುವೈದ್ಯವೆಂದರೆ ಬಹುಕಾಲ ಕುದುರೆಯ ವೈದ್ಯವೇ.

ಮೊದಲ ಸೂಜಿ ಯಾರಿಗೆ?

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಡೇಕಾರ್ಟ್ ಎಂಬ ತತ್ತ್ವಜ್ಞಾನಿ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಅವನ ಅನುಯಾಯಿಗಳು ಅದನ್ನು ಇನ್ನೂ ಎಳೆದು, ನಾಯಿ ಕಿರುಚುವುದು ಎಣ್ಣೆ ಹಾಕದ ಗಾಲಿ ಕಿರುಗುಟ್ಟಿದಂತೆ ಎಂಬಲ್ಲಿಗೆ ತಂದುಬಿಟ್ಟರು. ಆ ಕಾಲದಲ್ಲೇ, 1656ರಲ್ಲಿ, ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ (ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದವನು ಇವನೇ) ಒಂದು ನಾಯಿಯ ಕಾಲಿನ ರಕ್ತನಾಳಕ್ಕೆ ಹಕ್ಕಿಯ ಗರಿಯ ಕೊಳವೆಯ ಮೂಲಕ ಅಫೀಮಿನ ದ್ರಾವಣವನ್ನು ಹರಿಸಿದನು. ರಕ್ತನಾಳಕ್ಕೆ ಔಷಧ ಕೊಡುವ ವಿದ್ಯೆ ಆರಂಭವಾದದ್ದು ಇಂಥ ಪ್ರಯೋಗಗಳಿಂದ. ನಾಯಿ ಮತ್ತಿನಲ್ಲಿ ಬಿತ್ತು. ಅದು ಸಾಯದಿರಲೆಂದು ತೋಟದಲ್ಲಿ ಓಡಾಡಿಸಿ ಎಚ್ಚರಿಸಿದರಂತೆ. ನಾಯಿ ಬದುಕಿ ಉಳಿದು, ಕೊಬ್ಬಿ ಊರಿಗೆಲ್ಲ ಪ್ರಸಿದ್ಧವಾಯಿತು. ಇಂದು ಆಸ್ಪತ್ರೆಯಲ್ಲಿ ನಮಗೆ ಐವಿ ಹಾಕಿಸಿಕೊಳ್ಳುವಾಗ ಆ ನಾಯಿಯ ನೆನಪು ಯಾರಿಗೂ ಬರುವುದಿಲ್ಲ.

ಎರಡು ಶತಮಾನ ಕಳೆದರೂ ಶಸ್ತ್ರಚಿಕಿತ್ಸೆಯ ನೋವು ಹಾಗೆಯೇ ಉಳಿದಿತ್ತು. ಕಾಲು ಕತ್ತರಿಸಬೇಕಾದರೆ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕು. ಸರ್ಜನ್ನನ ಯೋಗ್ಯತೆಯನ್ನು ಅವನ ವೇಗದಿಂದ ಅಳೆಯಬೇಕು. 1846ರಲ್ಲಿ ಬಾಸ್ಟನ್ನಿನ ದಂತವೈದ್ಯ ವಿಲಿಯಂ ಮಾರ್ಟನ್ ಈಥರನ್ನು ತನ್ನ ಸಾಕುನಾಯಿಯ ಮೇಲೂ ಪ್ರಯೋಗಿಸಿ ನೋಡಿ, ಆಮೇಲೆ ಅಕ್ಟೋಬರ್ 16ರಂದು ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಲ್ಲರೆದುರು ರೋಗಿಗೆ ಕೊಟ್ಟನು. ಮೂರು ವಾರದ ನಂತರ, ನವೆಂಬರ್ 7ರಂದು, ಅದೇ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಕಾಲು ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಡಿಸೆಂಬರ್ 21ರಂದು ಲಂಡನ್ನಿನಲ್ಲಿ ರಾಬರ್ಟ್ ಲಿಸ್ಟನ್ ಅದನ್ನೇ ಮಾಡಿ ತೋರಿಸಿದನು. ಮಾನವಕುಲಕ್ಕೆ ಅದೊಂದು ಹೊಸ ಬೆಳಗು.

ನಾಯಿಗೆ? 1847ರಲ್ಲೇ ಲಂಡನ್ನಿನ ಪಶುವೈದ್ಯ ಎಡ್ವರ್ಡ್ ಮೇಹ್ಯೂ ನಾಯಿ ಬೆಕ್ಕುಗಳಿಗೆ ಈಥರ್ ಕೊಟ್ಟು ನೋಡಿದನು. ಮತ್ತಿನಲ್ಲೂ ಅವು ಊಳಿಟ್ಟದ್ದನ್ನು ಕಂಡು, ಇದರಿಂದ ಉಪಕಾರವಿದೆಯೇ ಎಂದು ಸಂದೇಹಪಟ್ಟನು. ಪ್ರಾಣಿಗಳಿಗೆ ಅರಿವಳಿಕೆ ಕೊಡಲೇಬೇಕೆಂದು ಬ್ರಿಟನ್ನಿನಲ್ಲಿ ಕಾನೂನು ಬಂದದ್ದು 1919ರಲ್ಲಿ, ಅದೂ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮಾತ್ರ. ಮನುಷ್ಯನಿಗೂ ನಾಯಿಗೂ ನಡುವೆ ಎಪ್ಪತ್ತಮೂರು ವರ್ಷಗಳ ಅಂತರ.

ನ್ಯೂಯಾರ್ಕಿನ ಪಾತ್ರ

ಈಗ ನಮ್ಮ ಊರಿಗೆ ಬರೋಣ. 1884 ಮತ್ತು 85ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ನರದ ಬುಡಕ್ಕೆ ಕೊಕೇನ್ ಚುಚ್ಚಿ ಆ ಭಾಗವನ್ನು ಮಾತ್ರ ಮರಗಟ್ಟಿಸುವ ನರ್ವ್ ಬ್ಲಾಕ್ ವಿದ್ಯೆಯನ್ನು ಬೆಳೆಸಿದರು. ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಹಾಲ್‌ಸ್ಟೆಡ್ ಆ ಚಟಕ್ಕೆ ಬಲಿಯಾದದ್ದು ಬೇರೆಯೇ ದುಃಖದ ಕಥೆ. 1885ರಲ್ಲಿ ಇದೇ ನಗರದ ನರರೋಗ ತಜ್ಞ ಲಿಯೊನಾರ್ಡ್ ಕಾರ್ನಿಂಗ್ ಒಂದು ನಾಯಿಯ ಬೆನ್ನುಮೂಳೆಯ ಸಂದಿಗೆ ಕೊಕೇನ್ ಚುಚ್ಚಿದನು. ಕೆಲವೇ ನಿಮಿಷಗಳಲ್ಲಿ ನಾಯಿಯ ಹಿಂಗಾಲುಗಳು ಸ್ಪರ್ಶ ಕಳೆದುಕೊಂಡವು. ಮುಂಗಾಲುಗಳು ಸರಿಯಾಗಿಯೇ ಇದ್ದವು. ಆಮೇಲೆ ಅವನು ಅದನ್ನು ಮನುಷ್ಯನಿಗೂ ಕೊಟ್ಟನು. ನಮ್ಮ ಮನೆಯ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಪಡೆಯುವ ಎಪಿಡ್ಯೂರಲ್, ನಮ್ಮ ಹಿರಿಯರು ಮಂಡಿ ಬದಲಾಯಿಸಿಕೊಳ್ಳುವಾಗ ಪಡೆಯುವ ಸ್ಪೈನಲ್, ಇವೆರಡರ ವಂಶವೃಕ್ಷದ ಬುಡದಲ್ಲೂ ನ್ಯೂಯಾರ್ಕಿನ ಆ ಹೆಸರಿಲ್ಲದ ನಾಯಿ ನಿಂತಿದೆ. ಅದೇ ವಿದ್ಯೆ ನಾಯಿಯ ಕಾಲು ತೆಗೆಯುವಾಗ ನಾಯಿಗೇ ನಿತ್ಯದ ಕ್ರಮವಾಗಿ ಬಳಕೆಗೆ ಬರಲು ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು.

ಅದೇ ಕಾಲದ ನ್ಯೂಯಾರ್ಕಿನಲ್ಲಿ ಬೀದಿನಾಯಿಗಳ ಗತಿ ಏನಿತ್ತು ಎಂಬುದನ್ನು ಓದಿದರೆ ಮೈ ನಡುಗುತ್ತದೆ. ನಗರಸಭೆಯವರು ಹಿಡಿದ ನಾಯಿಗಳನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ಈಸ್ಟ್ ರಿವರ್‌ಗೆ ಇಳಿಸಿ ಮುಳುಗಿಸುತ್ತಿದ್ದರು. ಇಂಥ ಊರಿನಲ್ಲೇ ಹೆನ್ರಿ ಬರ್ಗ್ ಎಂಬ ಶ್ರೀಮಂತ ಎದ್ದು ನಿಂತನು. 1866ರ ಏಪ್ರಿಲ್ 10ರಂದು ಅವನು ಸ್ಥಾಪಿಸಿದ ಎಎಸ್‌ಪಿಸಿಎ ಈ ದೇಶದ ಮೊದಲ ಪ್ರಾಣಿದಯಾ ಸಂಸ್ಥೆ. ಹೊರೆ ಎಳೆಯಲಾರದ ಕುದುರೆಯನ್ನು ಬಾರುಕೋಲಿನಿಂದ ಬಾರಿಸುವವನನ್ನು ಬೀದಿಯಲ್ಲೇ ತಡೆದು ನಿಲ್ಲಿಸುತ್ತಿದ್ದ ಇವನನ್ನು ಪತ್ರಿಕೆಗಳು ಹಾಸ್ಯ ಮಾಡಿದವು. 1867ರಲ್ಲಿ ಗಾಯಗೊಂಡ ಕುದುರೆಗಳಿಗಾಗಿ ಅವನ ಸಂಸ್ಥೆ ಆಂಬುಲೆನ್ಸ್ ಗಾಡಿ ಆರಂಭಿಸಿತು. ಬೆಲ್‌ವ್ಯೂ ಆಸ್ಪತ್ರೆ ಮನುಷ್ಯರಿಗಾಗಿ ಆಂಬುಲೆನ್ಸ್ ಆರಂಭಿಸಿದ್ದು ಅದಾದ ಎರಡು ವರ್ಷಕ್ಕೆ, 1869ರಲ್ಲಿ! ಈ ಒಂದು ವಿಷಯದಲ್ಲಾದರೂ ಪ್ರಾಣಿ ಮನುಷ್ಯನಿಗಿಂತ ಮುಂದಿತ್ತು. 1874ರಲ್ಲಿ ಮನೆಯಲ್ಲಿ ಹಿಂಸೆಗೊಳಗಾಗಿದ್ದ ಮೇರಿ ಎಲೆನ್ ಎಂಬ ಹುಡುಗಿಯ ರಕ್ಷಣೆಗೂ ಇವನೇ ನೆರವಾದನು. ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘ ಈ ನಗರದಲ್ಲಿ ಹುಟ್ಟಿದ್ದು ಅದರಿಂದಲೇ. ಪ್ರಾಣಿಗೆ ಮಿಡಿದ ಮನಸ್ಸು ಮಗುವಿಗೂ ಮಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬರ್ಗ್ 1888ರಲ್ಲಿ ತೀರಿಕೊಂಡನು. ಬೀದಿನಾಯಿಗಳ ಹೊಣೆಯನ್ನು ನಗರ ಅವನ ಸಂಸ್ಥೆಗೆ ವಹಿಸಿದ್ದು 1894ರಲ್ಲಿ.

ಬಡವರ ಪ್ರಾಣಿಗಳಿಗೆ ಚಿಕಿತ್ಸೆ ಕೊಡಲು ಎಲಿನ್ ಪ್ರಿನ್ಸ್ ಸ್ಪೇಯರ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಹೆಂಗಸರ ಸಂಘವೊಂದು 1910ರಲ್ಲಿ ಮ್ಯಾನ್‌ಹ್ಯಾಟನ್ನಿನಲ್ಲಿ ಚಿಕಿತ್ಸಾಲಯ ತೆರೆಯಿತು. 1914ರಲ್ಲಿ ಅದು ಲಫಾಯೆಟ್ ಬೀದಿಯಲ್ಲಿ ಆಸ್ಪತ್ರೆಯಾಯಿತು. 1962ರಲ್ಲಿ ಪೂರ್ವ 62ನೆಯ ಬೀದಿಗೆ ಬಂದು ನೆಲೆಸಿದ ಅನಿಮಲ್ ಮೆಡಿಕಲ್ ಸೆಂಟರ್ ಇದೇ. 2021ರಿಂದ ಶ್ವಾರ್ಟ್ಸ್‌ಮನ್ ಹೆಸರನ್ನು ಸೇರಿಸಿಕೊಂಡಿದೆ. ಇದು ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯೊಡನೆ ಸೇರಿ ನಾಯಿಯ ಬಾಯಲ್ಲಿ ಬರುವ ಮೆಲನೋಮಾಕ್ಕೆ ಲಸಿಕೆಯನ್ನು ರೂಪಿಸಿತು. 2007ರಲ್ಲಿ ಅದಕ್ಕೆ ಷರತ್ತುಬದ್ಧ ಪರವಾನಗಿ ದೊರೆಯಿತು. ಆ ಲಸಿಕೆಯಲ್ಲಿರುವುದು ಮನುಷ್ಯನ ಜೀನ್. ಋಣ ತೀರಿಸುವ ಕಡೆಗೆ ಒಂದು ಚಿಕ್ಕ ಕಂತು ಎನ್ನಬಹುದು.

ಮಾತು ಬಾರದವರ ನೋವು

ಅರಿವಳಿಕೆ ಬಂತು ಸರಿ. ಆದರೆ ಎಚ್ಚರವಾದ ಮೇಲಿನ ನೋವು? ಇಲ್ಲಿಯೇ ಇತಿಹಾಸ ಎಡವಿದ್ದು. ಇಪ್ಪತ್ತನೆಯ ಶತಮಾನದ ಬಹುಭಾಗ ಪಶುವೈದ್ಯ ಶಾಲೆಗಳಲ್ಲಿ ಅರಿವಳಿಕೆಯನ್ನು ಪ್ರಾಣಿಯನ್ನು ಅಲುಗದಂತೆ ಹಿಡಿಯುವ ಸಾಧನವೆಂದೇ ಹೇಳಿಕೊಡುತ್ತಿದ್ದರು. ಆಪರೇಷನ್ ಆದ ನಾಯಿ ಮೂಲೆಯಲ್ಲಿ ಸುಮ್ಮನೆ ಮಲಗಿದರೆ ನೋವಿಲ್ಲ ಎಂದರ್ಥ. ಸ್ವಲ್ಪ ನೋವಿದ್ದರೆ ಒಳ್ಳೆಯದೇ, ಅಲ್ಲಾಡದೆ ಬಿದ್ದಿರುತ್ತದೆ ಎಂಬ ವಾದವೂ ಇತ್ತು.

ಬ್ರೂಕ್ಲಿನ್ನಿನಲ್ಲಿ ಹುಟ್ಟಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ರಾಲಿನ್ ಕೊಲೊರಾಡೋಗೆ ಹೋಗಿ ಪಶುವೈದ್ಯ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರ ಕಲಿಸುತ್ತಿದ್ದರು. 1982ರಲ್ಲಿ ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಬೇಕಾಗಿತ್ತು. ಪ್ರಯೋಗಾಲಯದ ಪ್ರಾಣಿಗಳಿಗೆ ನೋವು ಶಮನ ಮಾಡುವ ಬಗ್ಗೆ ಪ್ರಕಟವಾದ ಪ್ರಬಂಧಗಳನ್ನು ಹುಡುಕಿಸಿದರೆ, ಅವರೇ ಹೇಳಿಕೊಂಡಂತೆ, ಸಿಕ್ಕಿದ್ದು ಎರಡೇ ಎರಡು. ಅದರಲ್ಲಿ ಒಂದು, ಇಂಥ ಪ್ರಬಂಧಗಳು ಬೇಕು ಎಂದು ಹೇಳುವ ಪ್ರಬಂಧ! ಪ್ರಯೋಗಾಲಯದ ಪ್ರಾಣಿಗಳ ನೋವನ್ನು ಶಮನ ಮಾಡಬೇಕೆಂಬ ಕಾನೂನು 1985ರಲ್ಲಿ ಬಂದಿತು. ಅದರ ಪ್ರಭಾವ ನಿಧಾನವಾಗಿ ಸಾಕುಪ್ರಾಣಿಗಳ ಆಸ್ಪತ್ರೆಗಳಿಗೂ ಹರಿಯಿತು. ರಾಲಿನ್ 2021ರಲ್ಲಿ ತೀರಿಕೊಂಡರು.

ಪಶುವೈದ್ಯರನ್ನು ಮಾತ್ರ ದೂರಿ ನಾವು ಮನುಷ್ಯರ ವೈದ್ಯರು ಕೈತೊಳೆದುಕೊಳ್ಳುವಂತಿಲ್ಲ. ಅದೇ 1980ರ ದಶಕದಲ್ಲಿ, ದಿನ ತುಂಬದೆ ಹುಟ್ಟಿದ ಹಸುಗೂಸುಗಳಿಗೆ ಎಷ್ಟೋ ಕಡೆ ಪೂರ್ತಿ ಅರಿವಳಿಕೆ ಇಲ್ಲದೆ, ಸ್ನಾಯುಗಳನ್ನು ಸಡಿಲಿಸುವ ಔಷಧ ಮತ್ತು ಅಲ್ಪಸ್ವಲ್ಪ ನೈಟ್ರಸ್ ಆಕ್ಸೈಡ್ ಕೊಟ್ಟು ಎದೆ ತೆರೆಯುತ್ತಿದ್ದರು. ಕೂಸಿನ ನರಗಳು ಇನ್ನೂ ಬಲಿತಿಲ್ಲ, ಅದಕ್ಕೆ ನೋವು ತಿಳಿಯದು ಎಂಬುದು ಆಗಿನ ನಂಬಿಕೆ. ಇದನ್ನು ಅಲುಗಿಸಿದವರು ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್. 1987ರಲ್ಲಿ ಅವರು ಮತ್ತು ಸಂಗಡಿಗರು, ಫೆಂಟನಿಲ್ ಪಡೆದ ಕೂಸುಗಳಲ್ಲಿ ದೇಹದ ಒತ್ತಡದ ಹಾರ್ಮೋನುಗಳು ಕಡಿಮೆ ಇದ್ದವು, ಆಪರೇಷನ್ ನಂತರದ ತೊಡಕುಗಳೂ ಕಡಿಮೆಯಾದವು ಎಂದು ತೋರಿಸಿದರು. ಮಾತು ಬಾರದವರ ನೋವನ್ನು ನಂಬದಿರುವುದು ಒಂದೇ ರೋಗ. ಅದು ತೊಟ್ಟಿಲಿನ ಪಕ್ಕದಲ್ಲೂ ಇತ್ತು, ನಾಯಿಗೂಡಿನ ಪಕ್ಕದಲ್ಲೂ ಇತ್ತು.

ನೋವಿನ ವಿಜ್ಞಾನಕ್ಕೂ ನಾಯಿಯ ಕೊಡುಗೆ ಉಂಟು. 1965ರಲ್ಲಿ ಪ್ಯಾಟ್ರಿಕ್ ವಾಲ್ ಜೊತೆ ನೋವಿನ ಹೆಬ್ಬಾಗಿಲ ಸಿದ್ಧಾಂತವನ್ನು ಮಂಡಿಸಿದ ರೊನಾಲ್ಡ್ ಮೆಲ್ಜಾಕ್, ಅದಕ್ಕೆ ಮೊದಲು ಕೆನಡಾದಲ್ಲಿ ಒಂಟಿಯಾಗಿ ಕೂಡಿಹಾಕಿ ಬೆಳೆಸಿದ ಸ್ಕಾಟಿಷ್ ಟೆರಿಯರ್ ನಾಯಿಗಳನ್ನು ಅಧ್ಯಯನ ಮಾಡಿದ್ದರು. ಆ ಬಡಪಾಯಿಗಳು ಉರಿಯುವ ಬೆಂಕಿಕಡ್ಡಿಗೂ ಮತ್ತೆ ಮತ್ತೆ ಮೂಗು ಚಾಚುತ್ತಿದ್ದವು. ನೋವೆಂದರೆ ಕೇವಲ ನರದ ತಂತಿಯಲ್ಲ, ಮನಸ್ಸೂ ಬಾಳಿದ ಬದುಕೂ ಅದರಲ್ಲಿ ಸೇರಿದೆ ಎಂಬ ಅರಿವಿಗೆ ಅದೊಂದು ಮೆಟ್ಟಿಲಾಯಿತು. ಕೊನೆಗೆ 2020ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ತನ್ನ ವ್ಯಾಖ್ಯೆಯನ್ನು ತಿದ್ದಿ, ಹೇಳಿಕೊಳ್ಳಲು ಬಾರದ ಮಾತ್ರಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲವೆನ್ನಲಾಗದು ಎಂಬ ಅರ್ಥದ ಟಿಪ್ಪಣಿಯನ್ನು ಸೇರಿಸಿತು. ಸರಮೆ ಕೇಳಿದ ನ್ಯಾಯಕ್ಕೆ ಉತ್ತರ ಬರಲು ಇಷ್ಟು ಕಾಲ ಹಿಡಿಯಿತು.

ನ್ಯೂಜೆರ್ಸಿಯ ಮಾತ್ರೆ

ನಟ್ಲಿ ಎಂದರೆ ನಮ್ಮಲ್ಲಿ ಹಲವರಿಗೆ ಹಾಫ್‌ಮನ್ ಲಾ ರೋಶ್ ಕಂಪನಿಯ ನೆನಪಾಗುತ್ತದೆ. 2013ರವರೆಗೂ ಅಲ್ಲಿ ಅದರ ದೊಡ್ಡ ನೆಲೆ ಇತ್ತು. ಆ ಕಂಪನಿ ಕಂಡುಹಿಡಿದ ಕಾರ್ಪ್ರೋಫೆನ್ ಎಂಬ ನೋವಿನ ಔಷಧವನ್ನು 1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಮನುಷ್ಯರಿಗೆ ಕೊಟ್ಟು, ವ್ಯಾಪಾರ ಕುದುರದೆ ಕೈಬಿಟ್ಟರು. ಅದನ್ನೇ ಫೈಜರ್ ಕಂಪನಿ 1997ರಲ್ಲಿ ರಿಮಡಿಲ್ ಎಂಬ ಹೆಸರಿನಲ್ಲಿ ನಾಯಿಗಳಿಗಾಗಿ ಈ ದೇಶದಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಮುಂಚೆ ನಾಯಿಯ ನೋವಿಗೆ ಆಸ್ಪಿರಿನ್ ಮುಂತಾದ ಕೆಲವೇ ಔಷಧಗಳು. ಆನಂತರ ಸಾಲುಸಾಲಾಗಿ ಬಂದವು. ಇಲ್ಲಿ ಮಾತ್ರ ಲೆಕ್ಕ ತಿರುವುಮುರುವಾಯಿತು. ಮನುಷ್ಯ ಮೊದಲು ನುಂಗಿ ನೋಡಿದ, ನಾಯಿ ಉಪಯೋಗ ಪಡೆಯಿತು. ರಿಮಡಿಲ್ ಕೂಡ ದೋಷವಿಲ್ಲದ್ದಲ್ಲ. ಕೆಲವು ನಾಯಿಗಳಿಗೆ ಯಕೃತ್ತಿನ ತೊಂದರೆಯಾಗಿ ಸಾವುಗಳೂ ಸಂಭವಿಸಿ, ಮೊದಲೇ ರಕ್ತಪರೀಕ್ಷೆ ಮಾಡಿಸುವ ಪದ್ಧತಿ ಬಂದಿತು. ಫೈಜರ್‌ನ ಪಶು ಔಷಧ ವಿಭಾಗ 2013ರಲ್ಲಿ ಜೋಯೆಟಿಸ್ ಎಂಬ ಪ್ರತ್ಯೇಕ ಕಂಪನಿಯಾಯಿತು. ಅದರ ಮುಖ್ಯ ಕಚೇರಿ ನಮ್ಮ ಪಾರ್ಸಿಪನಿಯಲ್ಲಿದೆ.

ಕಾಲು ತೆಗೆದ ಮೇಲೆ

ದೊಡ್ಡ ತಳಿಯ ನಾಯಿಗಳಲ್ಲಿ ಕಾಲು ತೆಗೆಯುವುದಕ್ಕೆ ಒಂದು ಮುಖ್ಯ ಕಾರಣ ಆಸ್ಟಿಯೊಸಾರ್ಕೋಮ ಎಂಬ ಮೂಳೆ ಕ್ಯಾನ್ಸರ್. ನಮ್ಮ ಮನೆಯ ಲ್ಯಾಬ್ರಡಾರಿಗೂ ಇದೇ ಆಯಿತು. ಬಲ ಮುಂಗಾಲು, ಮಣಿಕಟ್ಟಿನ ಮೇಲೆ. ಇಲ್ಲಿ ಸತ್ಯವನ್ನು ನೇರವಾಗಿ ಹೇಳಬೇಕು. ಕಾಲು ತೆಗೆದರೆ ಕ್ಯಾನ್ಸರ್ ಗುಣವಾಯಿತೆಂದಲ್ಲ. ಬಹುತೇಕ ನಾಯಿಗಳಲ್ಲಿ ಅಷ್ಟರಲ್ಲೇ ಕಣಗಳು ಶ್ವಾಸಕೋಶಕ್ಕೆ ಹೊರಟಿರುತ್ತವೆ. ಕಾಲು ಮಾತ್ರ ತೆಗೆದರೆ ಅರ್ಧದಷ್ಟು ನಾಯಿಗಳು ಬದುಕುವುದು ಸುಮಾರು ನಾಲ್ಕೈದು ತಿಂಗಳು, ಕೀಮೋಥೆರಪಿಯೂ ಸೇರಿದರೆ ಸುಮಾರು ಹತ್ತರಿಂದ ಹನ್ನೆರಡು ತಿಂಗಳು. ಹಾಗಾದರೆ ಕಾಲು ಯಾಕೆ ತೆಗೆಯಬೇಕು? ಆ ಕಾಲೇ ನೋವಿನ ಮೂಲವಾದ್ದರಿಂದ. ಒಳಗಿಂದ ಕೊರೆಯುವ ಮೂಳೆಯ ನೋವಿಗೆ ಮಾತ್ರೆಗಳು ಬಹುಬೇಗ ಸೋಲುತ್ತವೆ. ನೋವು ಕೊಡುವುದು ಪಾಪವಲ್ಲವೇ ಎಂಬ ಪ್ರಶ್ನೆಗೆ ಉತ್ತರ ಇದೇ: ಸರಿಯಾಗಿ ಮಾಡಿದಾಗ ಈ ಆಪರೇಷನ್ ನೋವು ಕೊಡುವ ಕೆಲಸವಲ್ಲ, ನೋವು ತೆಗೆಯುವ ಕೆಲಸ.

ಸರಿಯಾಗಿ ಮಾಡುವುದೆಂದರೆ ಏನು? ಮೇಲೆ ಹೇಳಿದ ಇತಿಹಾಸವೆಲ್ಲ ಒಂದು ಟೇಬಲ್ಲಿನ ಮೇಲೆ ಸೇರುವುದು. ಕತ್ತಿ ತಾಗುವ ಮೊದಲೇ ಮಾರ್ಫಿನ್ ಜಾತಿಯ ಔಷಧ, ಕತ್ತರಿಸುವ ನರಗಳಿಗೆ ಹಾಲ್‌ಸ್ಟೆಡ್ ತೋರಿಸಿದ ಬಗೆಯ ಬ್ಲಾಕ್, ಹಿಂಗಾಲಾದರೆ ಕಾರ್ನಿಂಗ್ ವಂಶದ ಎಪಿಡ್ಯೂರಲ್, ರಕ್ತನಾಳದಲ್ಲಿ ಹನಿಹನಿಯಾಗಿ ಔಷಧ, ಮನೆಗೆ ಬಂದ ಮೇಲೆ ರಿಮಡಿಲ್ ತರಹದ ಮಾತ್ರೆ, ಜೊತೆಗೆ ನರದ ನೋವಿಗೆ ಗ್ಯಾಬಪೆಂಟಿನ್. ಒಂದೇ ಔಷಧವನ್ನು ಹೆಚ್ಚು ಕೊಡುವುದಕ್ಕಿಂತ ಹಲವನ್ನು ಸ್ವಲ್ಪ ಸ್ವಲ್ಪ ಕೊಡುವುದು ಮೇಲು ಎಂಬುದು ಮನುಷ್ಯರ ವೈದ್ಯದಲ್ಲೂ ಈಗ ನಡೆಯುವ ಕ್ರಮ.

ಮೊದಲ ರಾತ್ರಿ ನಮ್ಮ ನಾಯಿ ಒಂದೇ ಸಮನೆ ಮೂಲುಗಿತು. ಎಲ್ಲ ಮೂಲುಗುವಿಕೆಯೂ ನೋವಲ್ಲ. ಅಫೀಮಿನ ಜಾತಿಯ ಔಷಧದ ಮಂಕಿನಿಂದಲೂ ನಾಯಿ ಹಾಗೆ ಮಾಡುತ್ತದೆ. ನೋವಿನ ಗುರುತುಗಳೇ ಬೇರೆ: ಮೂಲೆ ಹಿಡಿಯುವುದು, ಊಟ ಬಿಡುವುದು, ನಡುಗುವುದು, ಸುಮ್ಮನೆ ಏದುಸಿರು, ಗಾಯದ ಕಡೆ ಮತ್ತೆ ಮತ್ತೆ ತಿರುಗಿ ನೋಡುವುದು, ಮುಟ್ಟಿದರೆ ಮುದುಡುವುದು. ಆಗ ಮೈಸೂರಿನಿಂದ ಬಂದಿದ್ದ ನಮ್ಮ ತಾಯಿಯವರು ಬಾಲ್ಯದಲ್ಲಿ ಹುಚ್ಚುನಾಯಿ ಕಚ್ಚಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಂಡವರು. ನಾಯಿಯೆಂದರೆ ಮಾರು ದೂರ. ಮರದ ನೆಲದ ಮೇಲೆ ಅದು ಮೂರು ಕಾಲಿನಲ್ಲಿ ಜಾರಿ ಬೀಳುವುದನ್ನು ಕಂಡು ಏನೂ ಮಾತಾಡದೆ, ಊರಿನಿಂದ ತಂದಿದ್ದ ಜಮಖಾನವನ್ನೂ ಅಡುಗೆಮನೆಯ ಚಾಪೆಗಳನ್ನೂ ಬಾಗಿಲವರೆಗೆ ಸಾಲಾಗಿ ಹಾಸಿದರು. ಮೂರನೆಯ ದಿನ ನಾಯಿ ಆ ದಾರಿಯಲ್ಲಿ ಕುಪ್ಪಳಿಸುತ್ತ ಬಾಗಿಲಿಗೆ ಹೋಗಿ ನಿಂತಿತು. ಬಾಲ ಅಲ್ಲಾಡುತ್ತಿತ್ತು. ಅದು ಮತ್ತೆ ಹನ್ನೊಂದು ತಿಂಗಳು ಬದುಕಿತು. ಅದರಲ್ಲಿ ಹತ್ತು ಒಳ್ಳೆಯ ತಿಂಗಳು.

ಮುಂಗಾಲು ಹೋದ ನಾಯಿಗೆ ಕಷ್ಟ ಸ್ವಲ್ಪ ಹೆಚ್ಚು, ಏಕೆಂದರೆ ದೇಹದ ತೂಕದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಆದರೂ ಹೆಚ್ಚಿನವು ಒಂದರಿಂದ ಮೂರು ದಿನದಲ್ಲಿ ಎದ್ದು ನಡೆಯುತ್ತವೆ. ಹತ್ತರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕೊರಳಿಗೆ ಕೋನ್, ಮೆಟ್ಟಿಲು ನಿಷಿದ್ಧ, ಹೊಟ್ಟೆಯ ಕೆಳಗೆ ಟವೆಲಿನ ಆಸರೆ. ಆಮೇಲೆ ಮುಖ್ಯವಾದದ್ದು ತೂಕ. ಉಳಿದ ಮೂರು ಕಾಲು ನಾಲ್ಕರ ಭಾರ ಹೊರಬೇಕು. ತುಪ್ಪ ಕಲಸಿದ ಅನ್ನ ಪ್ರೀತಿಯಲ್ಲ, ಶಿಕ್ಷೆ. ಇಲ್ಲದ ಕಾಲು ನೋಯುವ ವಿಚಿತ್ರವನ್ನು 1871ರಲ್ಲಿ ಫಿಲಡೆಲ್ಫಿಯಾದ ವಿಯರ್ ಮಿಚೆಲ್, ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿ, ಭೂತಾಂಗ ಎಂಬರ್ಥದ ಹೆಸರಿನಿಂದ ಕರೆದನು. ನಾಯಿಗಳಿಗೂ ಇಂಥದ್ದು ಇರಬಹುದೆಂದು ಪಶುವೈದ್ಯರು ಈಗ ಗಂಭೀರವಾಗಿ ಪರಿಗಣಿಸುತ್ತಾರೆ. ಗಾಯ ಮಾಗಿದ ಮೇಲೂ ನಾಯಿ ಇದ್ದಕ್ಕಿದ್ದಂತೆ ಕಿರುಚಿ ಕಾಲಿಲ್ಲದ ಜಾಗವನ್ನು ನೋಡಿದರೆ ಸುಮ್ಮನಿರದೆ ವೈದ್ಯರಿಗೆ ತಿಳಿಸಬೇಕು.

ವೈದ್ಯರಾಗಿ ಒಂದು ಎಚ್ಚರಿಕೆ. ನಮ್ಮ ಮನೆಯ ಔಷಧದ ಡ್ರಾಯರಿನಲ್ಲಿರುವ ಆಡ್ವಿಲ್, ಅಲೀವ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಬೆಕ್ಕಿಗೆ ಒಂದೇ ಟೈಲನಾಲ್ ಸಾಕು ಪ್ರಾಣ ಹೋಗಲು. ಮನೆಯಲ್ಲಿ ಎಷ್ಟು ಜನ ಡಾಕ್ಟರುಗಳಿದ್ದರೂ ಪಶುವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ.

ಎಲ್ಲ ನಾಯಿಗೂ ಕಾಲು ತೆಗೆಸಲೇಬೇಕೆಂದು ನಾವು ಹೇಳುವುದಿಲ್ಲ. ತೀರ ಮುದಿ ನಾಯಿ, ಉಳಿದ ಕಾಲುಗಳಲ್ಲೂ ಸಂಧಿವಾತ, ಕೈಗೆ ಎಟುಕದ ಖರ್ಚು, ಇವೆಲ್ಲ ನಿಜವಾದ ಕಾರಣಗಳು. ಅಂಥಲ್ಲಿ ನೋವಿಲ್ಲದ ಕೊನೆಯನ್ನು ಕೊಡುವುದೂ ಧರ್ಮವೇ. ಆದರೆ ಮೂರು ಕಾಲಿನ ನಾಯಿ ನೋಡಲು ಚೆನ್ನಾಗಿರುವುದಿಲ್ಲ, ಜನ ಏನಂದಾರು ಎಂಬ ಕಾರಣಕ್ಕೆ ಬೇಡವೆನ್ನುವುದು ಸರಿಯಲ್ಲ. ಆ ನಾಚಿಕೆ ನಮ್ಮದು, ನಾಯಿಗೆ ಅದಿಲ್ಲ.

ನಮ್ಮ ನಾಡಿನಲ್ಲೂ ಕಾಲ ಬದಲಾಗಿದೆ. ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂದಿತು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಿಂದ ವೈದ್ಯರನ್ನು ತಯಾರು ಮಾಡುತ್ತಿದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾ ಸಂಸ್ಥೆ ವಾಹನಗಳಿಗೆ ಸಿಕ್ಕಿದ ಬೀದಿನಾಯಿಗಳಿಗೆ ಆಶ್ರಯವಾಗಿದೆ. ನಮ್ಮ ತಾಯಿಯವರ ತಲೆಮಾರನ್ನು ಹೆದರಿಸಿದ ಆ ಹೊಕ್ಕುಳ ಸುತ್ತಿನ ಲಸಿಕೆ 2005ರ ಹೊತ್ತಿಗೆ ಭಾರತದಲ್ಲಿ ನಿಂತುಹೋಯಿತು. ಊರಿಗೆ ದಾನ ಕಳುಹಿಸುವಾಗ ನಮ್ಮ ಸದಸ್ಯರು ದೇವಸ್ಥಾನ, ಶಾಲೆಗಳ ಜೊತೆಗೆ ಇಂಥ ಆಸ್ಪತ್ರೆಗಳನ್ನೂ ನೆನೆಯಬಹುದು.

ಸಾವಿರ ವರ್ಷದ ಹಿಂದೆ ಮಣಲೇರ ತನ್ನ ಕಾಳಿಗೆ ಕಲ್ಲು ನಿಲ್ಲಿಸಿದನು. ಅಂದು ಅವನ ಕೈಲಾದದ್ದು ಅಷ್ಟು. ಸೀಳಿದ ಮೈಯ ನೋವನ್ನು ತಣಿಸುವ ಔಷಧ ಅವನ ಬಳಿ ಇರಲಿಲ್ಲ. ನಮ್ಮ ಬಳಿ ಇದೆ. ಅದನ್ನು ತಂದುಕೊಟ್ಟದ್ದರಲ್ಲಿ ಆಕ್ಸ್‌ಫರ್ಡಿನ ನಾಯಿಗೂ, ಬಾಸ್ಟನ್ನಿನ ನಾಯಿಗೂ, ನ್ಯೂಯಾರ್ಕಿನ ನಾಯಿಗೂ ಪಾಲಿದೆ. ಆದ್ದರಿಂದ ಮುಂದೆ ಯಾರಾದರೂ ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಇದು ದಾನವಲ್ಲ, ಬಾಕಿ ಉಳಿದ ಸಾಲ ಎಂದು ಹೇಳಿ.